ಬಿದ್ದ ಸರ್ವರ್, ಸಿಕ್ಕಿಬಿದ್ದ ಸರ್ವರ್

ಕೊಡಗಿನ ಸೋಮವಾರಪೇಟೆ ತಾಲ್ಲೂಕಿನ ಶನಿವಾರಸಂತೆಯಂತಹ ಹೋಬಳಿ ಕೇಂದ್ರದಲ್ಲಿ ಜನರು ಕಚೇರಿಯ ಕಿಟಕಿಯಲ್ಲಿ ಕೇಳುವ ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಋಣಭಾರ ಪ್ರಮಾಣಪತ್ರ ಮುಂತಾದ ಬಹುತೇಕ ಕಾಗದಗಳು ಈಗ ಅಲ್ಲಿನ ಕಪಾಟಿನಿಂದ ಹೊರಬರುವುದಿಲ್ಲ. ರಸ್ತೆಯಲ್ಲಿ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿನ ದತ್ತಾಂಶ ಕೇಂದ್ರದ ಯಂತ್ರಗಳಿಂದ ಬರುತ್ತವೆ. ಆ ಯಂತ್ರಗಳಲ್ಲಿ ದಾಖಲೆಗಳನ್ನು ಕ್ರಮವಾಗಿ ಇರಿಸಿಕೊಂಡು, ಕೇಳಿದವರಿಗೆ ಹುಡುಕಿಕೊಟ್ಟು, ತಿದ್ದುಪಡಿಗಳನ್ನು ಬರೆದಿಡುವ ತಂತ್ರಾಂಶವೇ ಡೇಟಾಬೇಸ್ ಸರ್ವರ್. ಅದು ಕೆಲಸ ನಿಲ್ಲಿಸಿದ ದಿನ ಆಲೂರು ಸಿದ್ದಾಪುರದಿಂದಲೋ ನಿಡ್ತದಿಂದಲೋ ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ‘ಸರ್ವರ್ ಡೌನ್’ ಎಂಬುದಕ್ಕಿಂತ ಹೆಚ್ಚಿನ ವಿವರಣೆ ಸಿಗುವುದಿಲ್ಲ. ಜನರಿಗೆ ಅಷ್ಟು ತಿಳಿದರೆ ಸಾಕೆಂದು ಕಚೇರಿಗಳು ಭಾವಿಸಿರಬಹುದು. ಆದರೆ ಸರ್ವರನ್ನು ನೋಡಿಕೊಳ್ಳುವವರೂ ಅಷ್ಟಕ್ಕೇ ತೃಪ್ತರಾದರೆ, ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡುವುದೊಂದೇ ಮದ್ದಾಗಿ ಉಳಿಯುತ್ತದೆ, ಮತ್ತು ಆ ಮದ್ದು ಅನೇಕ ಬಾರಿ ಕಾರಣವನ್ನು ಹಾಗೆಯೇ ಉಳಿಸಿ ಸುಳಿವನ್ನು ಮಾತ್ರ ಅಳಿಸಿಹಾಕುತ್ತದೆ.

ಡೇಟಾಬೇಸ್ ಸರ್ವರ್ ನಿಲ್ಲುವ ಬಗೆಗಳು ಮೂಲತಃ ಎರಡು. ಒಂದರಲ್ಲಿ ಸರ್ವರಿನ ಪ್ರೋಸೆಸ್, ಅಂದರೆ ಯಂತ್ರದ ಮೆಮೊರಿಯಲ್ಲಿ ಓಡುತ್ತಿರುವ ಆ ತಂತ್ರಾಂಶದ ಜೀವಂತ ರೂಪ, ಇದ್ದಕ್ಕಿದ್ದಂತೆ ಅಂತ್ಯವಾಗುತ್ತದೆ. ಇದನ್ನು ಕ್ರ್ಯಾಶ್ ಅಥವಾ ಕುಸಿತ ಎನ್ನುತ್ತಾರೆ. ಇನ್ನೊಂದರಲ್ಲಿ ಪ್ರೋಸೆಸ್ ಜೀವಂತವಾಗಿಯೇ ಇರುತ್ತದೆ, ಹೊಸ ಸಂಪರ್ಕಗಳನ್ನು ಒಪ್ಪಿಕೊಳ್ಳಲೂಬಹುದು, ಆದರೆ ಕೇಳಿದ ಪ್ರಶ್ನೆಗೆ ಉತ್ತರ ಬರುವುದಿಲ್ಲ. ಇದು ಹ್ಯಾಂಗ್ ಅಥವಾ ಸ್ತಂಭನ. ಕುಸಿದ ಸರ್ವರ್ ಸಾಮಾನ್ಯವಾಗಿ ತನ್ನ ಹಿಂದೆ ಒಂದು ಬರವಣಿಗೆಯನ್ನು ಬಿಟ್ಟುಹೋಗುತ್ತದೆ, ಆದ್ದರಿಂದ ಅದರ ತನಿಖೆಯನ್ನು ನಿಧಾನವಾಗಿ ಮಾಡಬಹುದು. ಸ್ತಬ್ಧಗೊಂಡ ಸರ್ವರಿನ ಸಾಕ್ಷ್ಯವಾದರೋ ಅದರ ಮೆಮೊರಿಯಲ್ಲಿಯೇ ಇರುವುದರಿಂದ, ಆರಿಸಿದ ಕ್ಷಣದಲ್ಲಿ ಎಲ್ಲವೂ ಹೋಗುತ್ತದೆ. ಕುಸಿತದಲ್ಲಿ ಮೊದಲು ಸೇವೆಯನ್ನು ಮರಳಿ ತಂದು ಆಮೇಲೆ ಕಾರಣ ಹುಡುಕಬಹುದು, ಸ್ತಂಭನದಲ್ಲಿ ಕೆಲವು ನಿಮಿಷವಾದರೂ ಮೊದಲು ಸಾಕ್ಷ್ಯ ಸಂಗ್ರಹಿಸಿ ಆಮೇಲೆ ಸೇವೆಯ ಕಡೆಗೆ ತಿರುಗಬೇಕು. ಕಿಟಕಿಯ ಮುಂದೆ ಜನ ಕಾದಿರುವಾಗ ಈ ಕೆಲವು ನಿಮಿಷಗಳನ್ನು ಕೇಳುವುದು ಕಠಿಣವೆನಿಸಬಹುದು, ಆದರೆ ಅವನ್ನು ಉಳಿಸಿಕೊಂಡವರು ಮರುದಿನ ಅದೇ ಜನರನ್ನು ಅದೇ ಕಾರಣಕ್ಕೆ ಮತ್ತೆ ವಾಪಸು ಕಳುಹಿಸಬೇಕಾಗುತ್ತದೆ.

ಹೋಬಳಿ ಮಟ್ಟದಲ್ಲಿ ಕುಳಿತವರಿಗೆ ಇದಕ್ಕೂ ಹಿಂದಿನ ಒಂದು ಪ್ರಶ್ನೆಯಿದೆ: ನಿಂತಿರುವುದು ನಿಜವಾಗಿಯೂ ಡೇಟಾಬೇಸೇ? ಶನಿವಾರಸಂತೆಯ ಒಂದು ಮೇಜಿನಿಂದ ಹೊರಟ ಕೋರಿಕೆ ಕಚೇರಿಯ ಗಣಕಯಂತ್ರ, ಸ್ಥಳೀಯ ಜಾಲ, ರಾಜ್ಯವ್ಯಾಪಿ ಜಾಲ ಅಥವಾ ದೂರಸಂಪರ್ಕ ಸಂಸ್ಥೆಯ ಕೇಬಲ್, ದತ್ತಾಂಶ ಕೇಂದ್ರದ ಹೊರಬಾಗಿಲಿನ ರಕ್ಷಣಾ ಸಾಧನ, ಅರ್ಜಿ ನಮೂನೆಗಳನ್ನು ತೋರಿಸುವ ಅಪ್ಲಿಕೇಶನ್ ಸರ್ವರ್ ಇವೆಲ್ಲವನ್ನೂ ದಾಟಿ ಕೊನೆಗೆ ಡೇಟಾಬೇಸನ್ನು ತಲುಪುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವುದು ನಿತ್ಯದ ಸಂಗತಿಯಾಗಿರುವ ಕೊಡಗಿನಲ್ಲಿ ಈ ಸರಪಳಿಯ ಮೊದಲ ಕೊಂಡಿಗಳೇ ಕಳಚಿರುವ ಸಾಧ್ಯತೆ ಹೆಚ್ಚು. ಅದನ್ನು ಬೇರ್ಪಡಿಸಿ ತಿಳಿಯಲು ಪರದೆಯ ಮೇಲಿನ ಸಂದೇಶವೇ ಮೊದಲ ಸಾಧನ. ‘ಕನೆಕ್ಷನ್ ರೆಫ್ಯೂಸ್ಡ್’ ಎಂಬ ಸಂದೇಶ ತಕ್ಷಣ ಬಂದರೆ ಆ ತುದಿಯ ಯಂತ್ರ ಎಚ್ಚರವಾಗಿದೆ, ಆದರೆ ಅದರ ಬಾಗಿಲಲ್ಲಿ ಕೇಳಿಸಿಕೊಳ್ಳುವ ಪ್ರೋಸೆಸ್ ಇಲ್ಲ ಎಂದು ಸಾಮಾನ್ಯವಾಗಿ ಅರ್ಥ, ಅಂದರೆ ಅದು ಕುಸಿತದ ಲಕ್ಷಣ. ಬಹಳ ಹೊತ್ತು ಕಾಯಿಸಿ ‘ಟೈಮ್ಡ್ ಔಟ್’ ಎಂದರೆ ದಾರಿಯಲ್ಲೆಲ್ಲೋ ಕೋರಿಕೆ ಕಳೆದುಹೋಗಿದೆ ಅಥವಾ ಆ ತುದಿಯಲ್ಲಿ ಸ್ತಂಭನವಾಗಿದೆ. ‘ಟೂ ಮೆನಿ ಕನೆಕ್ಷನ್ಸ್’ ಎಂದರೆ ಸರ್ವರ್ ಬದುಕಿದೆ, ಆದರೆ ಅದರ ಕುರ್ಚಿಗಳೆಲ್ಲ ತುಂಬಿವೆ. ಇವು ಅಪ್ಲಿಕೇಶನಿನ ಪದರದಲ್ಲಿ ಅಡಗಿ ‘ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ’ ಎಂಬ ಅರ್ಥಹೀನ ವಾಕ್ಯವಾಗಿ ಹೊರಬರುವಂತೆ ತಂತ್ರಾಂಶ ರಚಿಸುವವರು ದೂರದ ಕಚೇರಿಯ ಸಿಬ್ಬಂದಿಯ ಕಣ್ಣು ಕಟ್ಟುತ್ತಾರೆ ಎಂದೇ ಹೇಳಬೇಕು.

ಸಂದೇಶದ ಜೊತೆಗೆ ವೇಳೆಯೂ ಬೇಕು. ‘ಬೆಳಿಗ್ಗೆಯಿಂದ ಸರ್ವರ್ ಇಲ್ಲ’ ಎಂಬ ದೂರಿನಿಂದ ಲಕ್ಷಾಂತರ ಸಾಲುಗಳ ಲಾಗಿನಲ್ಲಿ, ಅಂದರೆ ಸರ್ವರ್ ತಾನೇ ಬರೆದುಕೊಳ್ಳುವ ಘಟನಾವಳಿಯಲ್ಲಿ, ಏನನ್ನೂ ಹುಡುಕಲಾಗುವುದಿಲ್ಲ. ‘11 ಗಂಟೆ 4 ನಿಮಿಷಕ್ಕೆ ಈ ಸಂದೇಶ ಬಂದಿತು’ ಎಂಬ ದೂರಿನಿಂದ ಹುಡುಕಬಹುದು. ಇಲ್ಲಿ ಅನುಭವಿಗಳೂ ಎಡವುವ ಒಂದು ಸಣ್ಣ ವಿವರವಿದೆ. ಅನೇಕ ಸರ್ವರ್‌ಗಳು ಲಾಗನ್ನು ಭಾರತೀಯ ಕಾಲಮಾನದಲ್ಲಿ ಬರೆಯದೆ ಜಾಗತಿಕ ಪ್ರಮಾಣ ಕಾಲಮಾನದಲ್ಲಿ ಬರೆಯುತ್ತವೆ. ಮೈಎಸ್‌ಕ್ಯೂಎಲ್ ಎಂಬ ಪ್ರಸಿದ್ಧ ಡೇಟಾಬೇಸ್ 5.7ನೇ ಆವೃತ್ತಿಯಿಂದ ಬೇರೆ ಸೂಚನೆಯಿಲ್ಲದಿದ್ದರೆ ಹೀಗೆಯೇ ಮಾಡುತ್ತದೆ. ಹಾಗಾಗಿ ಶನಿವಾರಸಂತೆಯ 11 ಗಂಟೆ 4 ನಿಮಿಷವನ್ನು ಲಾಗಿನಲ್ಲಿ 5 ಗಂಟೆ 34 ನಿಮಿಷದ ಬಳಿ ಹುಡುಕಬೇಕು. ಯಂತ್ರಗಳ ಗಡಿಯಾರಗಳು ಒಂದಕ್ಕೊಂದು ಹೊಂದದಿದ್ದರೆ ಈ ಲೆಕ್ಕವೂ ಕೆಡುತ್ತದೆ. ಭಾರತದ ಕಂಪ್ಯೂಟರ್ ತುರ್ತು ಸ್ಪಂದನಾ ತಂಡವು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ, ಯಂತ್ರಗಳ ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ಕೇಂದ್ರ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಕಾಲ ಸೂಚಕ ಸರ್ವರ್‌ಗಳೊಂದಿಗೆ ಹೊಂದಿಸಬೇಕೆಂದೂ ಲಾಗುಗಳನ್ನು 180 ದಿನ ಉಳಿಸಬೇಕೆಂದೂ ಹೇಳಿರುವುದರ ಹಿಂದೆ ಇದೇ ತರ್ಕವಿದೆ.

ಕುಸಿತವೆಂದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಕರ್ನಾಟಕದ ‘ಭೂಮಿ’ ಯೋಜನೆಯ ಆರಂಭದ ವರ್ಷಗಳು ಒಳ್ಳೆಯ ನಿದರ್ಶನ. ಹಿಂದಿನ ಶತಮಾನದ ಕೊನೆ ಮತ್ತು ಈ ಶತಮಾನದ ಆರಂಭದಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿ, ಅಂದಿನ 177 ತಾಲ್ಲೂಕು ಕೇಂದ್ರಗಳಿಂದ 15 ರೂಪಾಯಿಗೆ ಮುದ್ರಿತ ಪ್ರತಿ ಕೊಡುವ ವ್ಯವಸ್ಥೆ ರೂಪುಗೊಂಡಿತು. ಆಗ ದಾಖಲೆಗಳು ತಾಲ್ಲೂಕು ಕಚೇರಿಯಲ್ಲಿದ್ದ ಸರ್ವರಿನಲ್ಲಿಯೇ ಇರುತ್ತಿದ್ದವು. ಒಂದು ತಾಲ್ಲೂಕಿನ ಸರ್ವರ್ ನಿಂತರೆ ನೆರೆಯ ತಾಲ್ಲೂಕಿನವರಿಗೆ ತೊಂದರೆಯಾಗುತ್ತಿರಲಿಲ್ಲ, ಆದರೆ ಆ ಸರ್ವರಿನ ಆರೋಗ್ಯವು ಆ ಊರಿನ ವಿದ್ಯುತ್ತು, ಆ ಕೋಣೆಯ ತೇವ ಮತ್ತು ಅಲ್ಲಿನ ಒಬ್ಬಿಬ್ಬರ ಕೌಶಲವನ್ನು ಅವಲಂಬಿಸಿತ್ತು. ಮುಂದೆ ದಾಖಲೆಗಳು ಬೆಂಗಳೂರಿನ ಕೇಂದ್ರಕ್ಕೆ ಸ್ಥಳಾಂತರಗೊಂಡ ಮೇಲೆ ವಿದ್ಯುತ್ ವೈಫಲ್ಯದಿಂದಾಗುವ ಕುಸಿತಗಳ ಭಯ ಕಡಿಮೆಯಾಯಿತು, ಬದಲಿಗೆ ಒಂದೇ ಸ್ತಂಭನದಿಂದ ಬೀದರಿನಿಂದ ಕೊಡಗಿನವರೆಗೆ ಎಲ್ಲ ಕಿಟಕಿಗಳೂ ಏಕಕಾಲಕ್ಕೆ ಮುಚ್ಚುವ ಸಾಧ್ಯತೆ ಬಂದಿತು.

ಮುಂಗಾರಿನಲ್ಲಿ ವಿದ್ಯುತ್ ಹೋಗಿ, ಯುಪಿಎಸ್ಸಿನ ಬ್ಯಾಟರಿಯೂ ಬರಿದಾಗಿ ಸರ್ವರ್ ಥಟ್ಟನೆ ಆರಿದರೆ ಅರ್ಧ ಬರೆದ ಹಕ್ಕು ಬದಲಾವಣೆಯ ಗತಿಯೇನು? ಹಳೆಯ ಕಾಲದ ಮಂಡಿಯಲ್ಲಿ ವ್ಯಾಪಾರ ನಡೆದ ಕೂಡಲೇ ಕಿರ್ದಿಯಲ್ಲಿ ಸಾಲಾಗಿ ಬರೆದು, ಬಿಡುವಾದಾಗ ಅದನ್ನು ಆಯಾ ವ್ಯಕ್ತಿಯ ಖಾತೆಗೆ ಏರಿಸುತ್ತಿದ್ದರು. ಖಾತೆ ಏರಿಸುವ ಮೊದಲೇ ದೀಪ ಆರಿದರೂ ಕಿರ್ದಿ ಇದ್ದರೆ ಲೆಕ್ಕ ತಪ್ಪುತ್ತಿರಲಿಲ್ಲ. ಡೇಟಾಬೇಸ್ ಸರ್ವರ್ ಕೂಡ ಪ್ರತಿ ಬದಲಾವಣೆಯನ್ನು ಮೊದಲು, ಘಟನಾವಳಿಯ ಲಾಗಿಗಿಂತ ಬೇರೆಯಾದ, ಚೇತರಿಕೆಗೆಂದೇ ಇರುವ ಒಂದು ಲಾಗಿನಲ್ಲಿ ಬರೆದು, ಅದು ಡಿಸ್ಕಿಗೆ ತಲುಪಿದ್ದು ಖಾತ್ರಿಯಾದ ಮೇಲೆಯೇ ‘ಆಯಿತು’ ಎಂದು ಉತ್ತರಿಸುತ್ತದೆ. ಮೂಲ ಕಡತಗಳಲ್ಲಿನ ತಿದ್ದುಪಡಿಯನ್ನು ಆಮೇಲೆ ಸಾವಕಾಶವಾಗಿ ಮಾಡುತ್ತದೆ. ಈ ವಿಧಾನಕ್ಕೆ ಶಾಸ್ತ್ರೀಯ ರೂಪ ಕೊಟ್ಟವರಲ್ಲಿ 1998ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದ ಜಿಮ್ ಗ್ರೇ ಹಾಗೂ 1992ರಲ್ಲಿ ‘ಏರೀಸ್’ ಎಂಬ ಚೇತರಿಕೆ ಪದ್ಧತಿಯನ್ನು ಸಹೋದ್ಯೋಗಿಗಳೊಡನೆ ಪ್ರಕಟಿಸಿದ, ಮದ್ರಾಸಿನ ಐಐಟಿಯಲ್ಲಿ ಓದಿದ ಸಿ. ಮೋಹನ್ ಪ್ರಮುಖರು. ಏರೀಸ್ ಪದ್ಧತಿಯಲ್ಲಿ ಮತ್ತೆ ಎದ್ದ ಸರ್ವರ್ ಮೊದಲು ಲಾಗನ್ನು ಓದಿ ಎಲ್ಲಿಗೆ ನಿಂತಿತ್ತೆಂದು ತಿಳಿದುಕೊಳ್ಳುತ್ತದೆ, ನಂತರ ಲಾಗಿನಲ್ಲಿದ್ದು ಕಡತ ಸೇರದ ಬದಲಾವಣೆಗಳನ್ನು ಮತ್ತೆ ಮಾಡುತ್ತದೆ, ಕೊನೆಗೆ ಪೂರ್ಣಗೊಳ್ಳದ ವಹಿವಾಟುಗಳನ್ನು ಹಿಂತೆಗೆಯುತ್ತದೆ. ವಹಿವಾಟು ಎಂದರೆ ಇಲ್ಲಿ ಪೂರ್ತಿಯಾಗಿ ಆಗಬೇಕಾದ ಅಥವಾ ಸ್ವಲ್ಪವೂ ಆಗಬಾರದ ಕೆಲಸಗಳ ಒಂದು ಕಟ್ಟು: ಮಾರಿದವರ ಹೆಸರು ತೆಗೆಯುವುದು ಮತ್ತು ಕೊಂಡವರ ಹೆಸರು ಸೇರಿಸುವುದು ಒಂದೇ ವಹಿವಾಟಿನೊಳಗೆ ಇರಬೇಕು.

ವಿದ್ಯುತ್ ಹೋದ ಕ್ಷಣದಲ್ಲಿ ಇನ್ನೊಂದು ಅಪಾಯವೂ ಇದೆ. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಎಂಬ ಸಂಗ್ರಹ ವ್ಯವಸ್ಥೆ ದಾಖಲೆಗಳನ್ನು 16 ಕಿಲೋಬೈಟಿನ ಪುಟಗಳಾಗಿಯೂ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ 8 ಕಿಲೋಬೈಟಿನ ಪುಟಗಳಾಗಿಯೂ ಬರೆಯುತ್ತವೆ, ಆದರೆ ಡಿಸ್ಕ್ ಒಮ್ಮೆಗೆ ಬರೆಯುವ ತುಣುಕು ಇದಕ್ಕಿಂತ ಚಿಕ್ಕದಾದ್ದರಿಂದ ಅರ್ಧ ಹೊಸದು, ಅರ್ಧ ಹಳೆಯದಾದ ಹರಿದ ಪುಟ ಉಳಿಯಬಹುದು. ಇದನ್ನು ತಡೆಯಲು ಇನ್ನೋಡಿಬಿ ಪುಟವನ್ನು ಮೊದಲು ಬೇರೆಡೆ ಬರೆದು ನಂತರ ಅದರ ಜಾಗದಲ್ಲಿ ಬರೆಯುತ್ತದೆ, ಪೋಸ್ಟ್‌ಗ್ರೆಸ್ ಪುಟದ ಪೂರ್ಣ ಪ್ರತಿಯನ್ನೇ ಲಾಗಿನಲ್ಲಿ ಇಡುತ್ತದೆ. ವೇಗಕ್ಕಾಗಿ ಈ ರಕ್ಷಣೆಗಳನ್ನು ಆರಿಸಿಡುವ ಸಲಹೆಗಳು ಆಗಾಗ ಕೇಳಿಬರುತ್ತವೆ. ವಿದ್ಯುತ್ತಿನ ಬಗ್ಗೆ ಯಾವ ಭರವಸೆಯೂ ಇಲ್ಲದ ಮಲೆನಾಡಿನ ಸಹಕಾರ ಸಂಘವೋ ಆಸ್ಪತ್ರೆಯೋ ತನ್ನದೇ ಸರ್ವರ್ ಇಟ್ಟುಕೊಂಡಿದ್ದರೆ ಆ ಸಲಹೆಯನ್ನು ಎಂದಿಗೂ ಸ್ವೀಕರಿಸಬಾರದು.

ಚೇತರಿಕೆಯ ಬಗ್ಗೆ ಹೇಳಬೇಕಾದ ಮುಖ್ಯ ಮಾತೆಂದರೆ ಅದಕ್ಕೆ ಸಮಯ ಹಿಡಿಯುತ್ತದೆ. ದೊಡ್ಡ ಸರ್ವರ್ ಕುಸಿದು ಎದ್ದಾಗ ಲಾಗನ್ನು ಮರಳಿ ನಡೆಸುವ ಹೊತ್ತಿನಲ್ಲಿ ಹೊರಗಿನವರಿಗೆ ಉತ್ತರ ಕೊಡುವುದಿಲ್ಲ. ಇದನ್ನು ಹೊಸ ಸ್ತಂಭನವೆಂದು ತಪ್ಪಾಗಿ ತಿಳಿದು ಯಾರಾದರೂ ಅದನ್ನು ಮತ್ತೆ ಆರಿಸಿದರೆ, ಚೇತರಿಕೆಯ ಬಹುಪಾಲನ್ನು ಅದು ಮತ್ತೊಮ್ಮೆ ಮಾಡಬೇಕಾಗುತ್ತದೆ. ಒಂದು ಗಂಟೆಯಲ್ಲಿ ಮುಗಿಯಬೇಕಿದ್ದ ತೊಂದರೆ ದಿನವಿಡೀ ಎಳೆಯುವುದು ಎಷ್ಟೋ ಬಾರಿ ಈ ಅಸಹನೆಯಿಂದಲೇ. ಚೇತರಿಕೆ ನಡೆಯುತ್ತಿದೆಯೇ ಎಂಬುದು ಘಟನಾವಳಿಯ ಲಾಗಿನ ಕೊನೆಯ ಸಾಲುಗಳಲ್ಲಿಯೂ ಡಿಸ್ಕಿನ ಚಟುವಟಿಕೆಯಲ್ಲಿಯೂ ಸ್ಪಷ್ಟವಾಗಿ ಕಾಣುತ್ತದೆ.

ಕುಸಿತದ ತನಿಖೆ ಘಟನಾವಳಿಯ ಲಾಗಿನಿಂದ ಆರಂಭವಾಗುತ್ತದೆ, ಮತ್ತು ಲಾಗಿನಲ್ಲಿ ಏನಿದೆ ಎಂಬಷ್ಟೇ ಏನಿಲ್ಲ ಎಂಬುದೂ ಮಾತನಾಡುತ್ತದೆ. ತಂತ್ರಾಂಶವು ತನಗೆ ಸೇರದ ಮೆಮೊರಿಯನ್ನು ಮುಟ್ಟಿದಾಗ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಅದಕ್ಕೆ 11ನೇ ಸಂಖ್ಯೆಯ ಸಂಕೇತವನ್ನು ಕಳುಹಿಸುತ್ತದೆ. ಮೈಎಸ್‌ಕ್ಯೂಎಲ್ ಸಾಯುವ ಮುನ್ನ ಆ ಸಂಕೇತವನ್ನೂ, ಆಗ ತಾನು ಯಾವ ಕೆಲಸದ ಯಾವ ಹಂತದಲ್ಲಿದ್ದೆನೆಂಬ ಕರೆಗಳ ಸರಣಿಯನ್ನೂ, ಸಾಧ್ಯವಾದರೆ ಆಗ ನಡೆಯುತ್ತಿದ್ದ ಕ್ವೆರಿಯನ್ನೂ, ಅಂದರೆ ಡೇಟಾಬೇಸಿಗೆ ಕೇಳಿದ ಪ್ರಶ್ನೆಯನ್ನೂ, ಲಾಗಿನಲ್ಲಿ ಬರೆಯುತ್ತದೆ. ಹಲವು ಕುಸಿತಗಳಲ್ಲಿ ಅದೇ ಸರಣಿ, ಅದೇ ಕ್ವೆರಿ ಕಾಣಿಸಿದರೆ ದೋಷ ತಂತ್ರಾಂಶದಲ್ಲಿದೆ, ಆವೃತ್ತಿಯನ್ನು ಮೇಲ್ದರ್ಜೆಗೇರಿಸುವುದು ಅಥವಾ ಆ ಕ್ವೆರಿಯನ್ನು ಬೇರೆ ರೀತಿ ಬರೆಯುವುದು ದಾರಿ. ಪ್ರತಿ ಸಲವೂ ಬೇರೆ ಬೇರೆ ಸ್ಥಳದಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಕೆಲಸಗಳಲ್ಲಿ ಸತ್ತರೆ ಮೆಮೊರಿ ಚಿಪ್ಪಿನಂತಹ ಭೌತಿಕ ಭಾಗದ ಮೇಲೆ ಅನುಮಾನ ಪಡಬೇಕು. ಲಾಗು ಯಾವ ನರಳಿಕೆಯೂ ಇಲ್ಲದೆ ನಡುವೆಯೇ ನಿಂತು, ಅದರ ಮುಂದಿನ ಸಾಲೇ ಹೊಸ ಆರಂಭದ್ದಾಗಿದ್ದರೆ ಸರ್ವರ್ ತಾನಾಗಿ ಸಾಯಲಿಲ್ಲ, ಕೊಲ್ಲಲ್ಪಟ್ಟಿತು ಅಥವಾ ಯಂತ್ರವೇ ಆರಿತು ಎಂದು ತಿಳಿಯಬೇಕು. ಯಂತ್ರದ ಮೆಮೊರಿ ಪೂರ್ತಿ ಬರಿದಾದಾಗ ಲಿನಕ್ಸ್ ಇಡೀ ವ್ಯವಸ್ಥೆಯನ್ನು ಉಳಿಸಲು ಹೆಚ್ಚು ಮೆಮೊರಿ ಹಿಡಿದಿರುವ ಪ್ರೋಸೆಸ್ಸನ್ನು ಆರಿಸಿ, ತಡೆಯಲಾಗದ 9ನೇ ಸಂಕೇತದಿಂದ ಕೊನೆಗಾಣಿಸುತ್ತದೆ. ಡೇಟಾಬೇಸ್ ಯಂತ್ರದಲ್ಲಿ ಆ ಪ್ರೋಸೆಸ್ ಬಹುಪಾಲು ಡೇಟಾಬೇಸೇ ಆಗಿರುತ್ತದೆ. ಮೆಮೊರಿಯನ್ನು ನುಂಗಿದ್ದು ಅದೇ ಯಂತ್ರದಲ್ಲಿ ಯಾರೋ ಓಡಿಸಿದ ವರದಿ ತಯಾರಿಕೆಯೋ ಬ್ಯಾಕಪ್ಪೋ ಆಗಿದ್ದರೂ ಶಿಕ್ಷೆ ಡೇಟಾಬೇಸಿಗೆ. ಅದಕ್ಕೆ ಒಂದು ಸಾಲು ಬರೆಯಲೂ ಅವಕಾಶ ಸಿಗದ ಕಾರಣ ಸಾಕ್ಷ್ಯವಿರುವುದು ಕಾರ್ಯಾಚರಣ ವ್ಯವಸ್ಥೆಯ ಲಾಗಿನಲ್ಲಿ, ಡೇಟಾಬೇಸಿನ ಲಾಗಿನಲ್ಲಲ್ಲ.

ಡಿಸ್ಕ್ ತುಂಬುವುದು ಕೇಳಲು ಅತಿ ಸಾಧಾರಣವಾದ, ಆದರೆ ಪದೇ ಪದೇ ಎದುರಾಗುವ ಕಾರಣ. ಇದೇ ಒಂದು ಕಾರಣ ಒಂದು ಡೇಟಾಬೇಸಿನಲ್ಲಿ ಸ್ತಂಭನವಾಗಿಯೂ ಇನ್ನೊಂದರಲ್ಲಿ ಕುಸಿತವಾಗಿಯೂ ಕಾಣಿಸುತ್ತದೆ: ಮೈಎಸ್‌ಕ್ಯೂಎಲ್ ಕೆಲವು ಸಂದರ್ಭಗಳಲ್ಲಿ ಜಾಗ ಸಿಕ್ಕೀತೆಂದು ನಿಮಿಷಕ್ಕೊಮ್ಮೆ ಪರೀಕ್ಷಿಸುತ್ತ ಕಾಯುತ್ತದೆ, ಪೋಸ್ಟ್‌ಗ್ರೆಸ್ ತನ್ನ ಚೇತರಿಕೆ ಲಾಗಿಗೆ ಜಾಗವಿಲ್ಲದಿದ್ದರೆ ಕೆಲಸ ಮುಂದುವರಿಸದೆ ನಿಂತುಬಿಡುತ್ತದೆ. ಆಗ ಜಾಗ ಮಾಡುವ ಆತುರದಲ್ಲಿ ‘ಲಾಗ್’ ಎಂಬ ಹೆಸರಿನ ಕೋಶ ಕಂಡರೆ ಅಳಿಸುವ ಪ್ರವೃತ್ತಿ ಎಷ್ಟು ವ್ಯಾಪಕವಾಗಿತ್ತೆಂದರೆ, ಪೋಸ್ಟ್‌ಗ್ರೆಸ್ ರಚಿಸುವವರು 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ‘ಪಿಜಿ ಎಕ್ಸ್‌ಲಾಗ್’ ಎಂಬ ಕೋಶದ ಹೆಸರನ್ನು ‘ಪಿಜಿ ವಾಲ್’ ಎಂದು ಬದಲಿಸಿದರು. ಅಲ್ಲಿದ್ದುದು ಓದಿ ಬಿಸಾಡುವ ಘಟನಾವಳಿಯಲ್ಲ, ಕುಸಿದ ಸರ್ವರ್ ಮತ್ತೆ ಎದ್ದು ನಿಲ್ಲಲು ಇರುವ ಏಕೈಕ ಆಧಾರ.

ಇನ್ನು ಸ್ತಂಭನ. ಇಲ್ಲಿ ಮೊದಲು ನೋಡಬೇಕಾದದ್ದು ಯಂತ್ರ ದುಡಿಯುತ್ತಿದೆಯೇ ಕಾಯುತ್ತಿದೆಯೇ ಎಂಬುದನ್ನು. ಸಂಸ್ಕಾರಕ, ಅಂದರೆ ಪ್ರೊಸೆಸರ್, ಪೂರ್ಣ ಸಾಮರ್ಥ್ಯದಲ್ಲಿ ಓಡುತ್ತಿದ್ದರೆ ಯಾವುದೋ ಭಾರದ ಕ್ವೆರಿ ಅಥವಾ ಕೊನೆಯಿಲ್ಲದ ಸುತ್ತು. ಸಂಸ್ಕಾರಕ ಬಿಡುವಾಗಿದ್ದು ಡಿಸ್ಕ್ ಮಾತ್ರ ಉಬ್ಬಸಪಡುತ್ತಿದ್ದರೆ ಓದು-ಬರಹದ ಒತ್ತಡ ಅಥವಾ ಸಾಯುತ್ತಿರುವ ಡಿಸ್ಕ್. ಎರಡೂ ಶಾಂತವಾಗಿದ್ದು ಉತ್ತರ ಮಾತ್ರ ಬರದಿದ್ದರೆ ಒಬ್ಬರು ಇನ್ನೊಬ್ಬರಿಗಾಗಿ ಕಾಯುತ್ತಿದ್ದಾರೆ, ಅಂದರೆ ಲಾಕ್. ಒಂದೇ ದಾಖಲೆಯನ್ನು ಇಬ್ಬರು ಏಕಕಾಲಕ್ಕೆ ತಿದ್ದಿ ಕೆಡಿಸದಂತೆ ಮೊದಲು ಮುಟ್ಟಿದ ವಹಿವಾಟಿಗೆ ಡೇಟಾಬೇಸ್ ಕೊಡುವ ತಾತ್ಕಾಲಿಕ ಹಕ್ಕೇ ಲಾಕ್. ಆ ವಹಿವಾಟು ಮುಗಿಯುವವರೆಗೆ ಉಳಿದವರು ಕಾಯಬೇಕು. ಒಂದು ಅಪ್ಲಿಕೇಶನ್ ಸರ್ವೆ ನಂಬರಿನ ದಾಖಲೆಯನ್ನು ಲಾಕ್ ಮಾಡಿ, ಬಳಕೆದಾರರು ಪರದೆಯ ಮೇಲೆ ‘ಒಪ್ಪಿಗೆ’ ಒತ್ತುವವರೆಗೆ ಅದನ್ನು ಹಿಡಿದಿರುವಂತೆ ರಚಿತವಾಗಿದ್ದರೆ, ಎಲ್ಲೋ ಒಂದು ಕಚೇರಿಯಲ್ಲಿ ಕರೆಂಟು ಹೋದದ್ದು ಕೂಡ ಬೆಂಗಳೂರಿನ ಸರ್ವರಿನಲ್ಲಿ ಯಾರೂ ಬಿಡಿಸದ ಲಾಕಾಗಿ ಉಳಿದುಬಿಡಬಹುದು. ಹಾಗೆ ರಚಿಸುವುದು ತಂತ್ರಾಂಶ ನಿರ್ಮಾಣದ ಗಂಭೀರ ದೋಷ, ಅದಕ್ಕೆ ಸರ್ವರನ್ನು ದೂರಿ ಪ್ರಯೋಜನವಿಲ್ಲ.

ಲಾಕಿನ ಸರಪಳಿಯಲ್ಲಿ ನೂರು ಸಂಪರ್ಕಗಳು ಕಾಯುತ್ತಿದ್ದರೆ ಅವುಗಳಲ್ಲಿ ತೊಂಬತ್ತೊಂಬತ್ತು ನಿರಪರಾಧಿಗಳು. ಮೈಎಸ್‌ಕ್ಯೂಎಲ್‌ನಲ್ಲಿ ‘ಶೋ ಪ್ರೋಸೆಸ್‌ಲಿಸ್ಟ್’ ಆದೇಶ, ಪೋಸ್ಟ್‌ಗ್ರೆಸ್‌ನಲ್ಲಿ ‘ಪಿಜಿ ಸ್ಟ್ಯಾಟ್ ಆಕ್ಟಿವಿಟಿ’ ಎಂಬ ನೋಟ ಯಾರು ಎಷ್ಟು ಹೊತ್ತಿನಿಂದ ಏನು ಮಾಡುತ್ತಿದ್ದಾರೆಂದು ತೋರಿಸುತ್ತವೆ, ಮತ್ತು ಸರಪಳಿಯ ತುದಿಯಲ್ಲಿ ಬಹುಸಲ ಸಿಗುವುದು ಏನೂ ಮಾಡದೆ, ವಹಿವಾಟನ್ನು ತೆರೆದಿಟ್ಟು ಮೌನವಾಗಿರುವ ಒಂದು ಸಂಪರ್ಕ. ಅದೊಂದನ್ನು ಮುಕ್ತಾಯಗೊಳಿಸಿದರೆ ಉಳಿದದ್ದೆಲ್ಲ ಸರಾಗವಾಗುತ್ತದೆ. ಆದರೆ ತುದಿಯಲ್ಲಿರುವುದು ಲಕ್ಷಾಂತರ ದಾಖಲೆಗಳನ್ನು ತಿದ್ದುತ್ತಿರುವ ದೀರ್ಘ ವಹಿವಾಟಾಗಿದ್ದರೆ, ಅದನ್ನು ಕಡಿದಾಗ ಮಾಡಿದ್ದನ್ನೆಲ್ಲ ಹಿಂತೆಗೆಯಲು ಮಾಡಿದಷ್ಟೇ ಅಥವಾ ಅದಕ್ಕಿಂತಲೂ ಹೆಚ್ಚು ಸಮಯ ಬೇಕಾಗಬಹುದು. ಇನ್ನೋಡಿಬಿಯಲ್ಲಿ ಯಂತ್ರವನ್ನು ಆರಿಸಿ ಹಚ್ಚಿದರೂ ಆ ಹಿಂತೆಗೆತ ತಪ್ಪುವುದಿಲ್ಲ. ಇನ್ನೊಂದು ಮೋಸದ ಸನ್ನಿವೇಶವೆಂದರೆ ಹಾಡುಹಗಲಿನಲ್ಲಿ ಕೋಷ್ಟಕದ ರಚನೆಯನ್ನು ಬದಲಿಸುವುದು. ಹೊಸದೊಂದು ಅಂಕಣ ಸೇರಿಸುವ ಕ್ಷಣಮಾತ್ರದ ಆದೇಶವೂ ಅದೇ ಕೋಷ್ಟಕವನ್ನು ಓದುತ್ತಿರುವ ಹಳೆಯ ವಹಿವಾಟು ಮುಗಿಯಲೆಂದು ಕಾಯುತ್ತದೆ, ಆದೇಶದ ಹಿಂದೆ ಬಂದ ಸಾಮಾನ್ಯ ಓದುಗರೆಲ್ಲ ಆದೇಶಕ್ಕಾಗಿ ಕಾಯುತ್ತಾರೆ, ಕೆಲವೇ ಸೆಕೆಂಡುಗಳಲ್ಲಿ ಇಡೀ ಸೇವೆ ನಿಲ್ಲುತ್ತದೆ. ಅಂದಹಾಗೆ, ಇಬ್ಬರು ಪರಸ್ಪರರ ಲಾಕಿಗಾಗಿ ಕಾಯುವ ಡೆಡ್‌ಲಾಕ್ ಎಂಬ ಸ್ಥಿತಿಯ ಮೇಲೆ ಈ ಎಲ್ಲದರ ಆರೋಪ ಹೊರಿಸುವುದು ವಾಡಿಕೆಯಾಗಿದ್ದರೂ ಅದು ಬಹುಪಾಲು ತಪ್ಪು. ಅದನ್ನು ಡೇಟಾಬೇಸ್ ತಾನೇ ಬೇಗನೆ ಗುರುತಿಸಿ ಒಬ್ಬರನ್ನು ಕೈಬಿಟ್ಟು ಬಿಡಿಸಿಕೊಳ್ಳುತ್ತದೆ.

ಸಾಕ್ಷ್ಯ ಸಂಗ್ರಹಿಸುವಾಗ ಒಂದು ಚಿತ್ರ ಸಾಲದು. ಸರ್ವರಿನೊಳಗಿನ ಪ್ರತಿ ಥ್ರೆಡ್, ಅಂದರೆ ಪ್ರೋಸೆಸ್ಸಿನೊಳಗೆ ಸ್ವತಂತ್ರವಾಗಿ ಸಾಗುವ ಪ್ರತಿ ಕೆಲಸದ ಎಳೆ, ಯಾವ ಹಂತದಲ್ಲಿದೆ ಎಂಬ ಪಟ್ಟಿಯನ್ನು ಕೆಲವು ಸೆಕೆಂಡುಗಳ ಅಂತರದಲ್ಲಿ ಎರಡು ಮೂರು ಬಾರಿ ತೆಗೆದರೆ, ಎಲ್ಲದರಲ್ಲಿಯೂ ಅಲ್ಲಿಯೇ ನಿಂತಿರುವ ಎಳೆ ಸಿಕ್ಕಿಬಿದ್ದಿದೆಯೆಂದೂ, ಜಾಗ ಬದಲಿಸುತ್ತಿರುವುದು ನಿಧಾನವಾಗಿದೆಯಷ್ಟೇ ಎಂದೂ ಬೇರ್ಪಡಿಸಬಹುದು. ಇದಕ್ಕೆ ತಡಮಾಡಿದರೆ ಕೆಲವೊಮ್ಮೆ ಸರ್ವರೇ ನಿರ್ಧಾರ ತೆಗೆದುಕೊಳ್ಳುತ್ತದೆ: ಇನ್ನೋಡಿಬಿಯ ಒಳಗಿನ ಎಳೆಯೊಂದು ಆಂತರಿಕ ಬೀಗಕ್ಕಾಗಿ 600 ಸೆಕೆಂಡಿಗಿಂತ ಹೆಚ್ಚು ಕಾದರೆ ಅದು ಉದ್ದೇಶಪೂರ್ವಕವಾಗಿ ಸರ್ವರನ್ನು ಕೆಡವುತ್ತದೆ. ಹೀಗೆ ಬೇಕೆಂದೇ ಬೀಳುವುದು ಹೊಣೆಗೇಡಿತನವಲ್ಲ. ಬರೆದದ್ದು ಡಿಸ್ಕಿಗೆ ಮುಟ್ಟಿಲ್ಲವೆಂಬ ದೋಷವನ್ನು ಲಿನಕ್ಸ್ ಒಮ್ಮೆ ಹೇಳಿ, ಮತ್ತೆ ಕೇಳಿದಾಗ ಎಲ್ಲ ಸರಿಯಿದೆಯೆನ್ನಬಹುದೆಂದು 2018ರಲ್ಲಿ ಅರಿತ ಪೋಸ್ಟ್‌ಗ್ರೆಸ್ ತಂಡ, ಅಂತಹ ದೋಷ ಕಂಡ ಕೂಡಲೇ ಸರ್ವರ್ ಕುಸಿದು ಲಾಗಿನಿಂದ ಚೇತರಿಸಿಕೊಳ್ಳುವುದೇ ಸುರಕ್ಷಿತವೆಂದು ನಿರ್ಧರಿಸಿತು. ಕಳೆದುಹೋದ ಹಕ್ಕುದಾಖಲೆಯನ್ನು ಸರಿಯಿದೆಯೆಂದು ತೋರಿಸುತ್ತ ನಡೆಯುವ ಸರ್ವರಿಗಿಂತ ಬಿದ್ದ ಸರ್ವರ್ ನೂರು ಪಾಲು ಮೇಲು.

ಯಾವ ದೋಷವೂ ಇಲ್ಲದೆ ಕೇವಲ ಭಾರದಿಂದಾಗುವ ಸ್ತಂಭನವನ್ನು ಕರ್ನಾಟಕ ಚೆನ್ನಾಗಿ ಬಲ್ಲದು. 2023ರ ಜೂನ್‌ನಲ್ಲಿ ಗೃಹಜ್ಯೋತಿ, ಜುಲೈನಲ್ಲಿ ಗೃಹಲಕ್ಷ್ಮಿ ಯೋಜನೆಗಳ ನೋಂದಣಿ ಆರಂಭವಾದಾಗ ಲಕ್ಷಾಂತರ ಮನೆಗಳು ಏಕಕಾಲಕ್ಕೆ ಸೇವಾ ಸಿಂಧು ವ್ಯವಸ್ಥೆಯ ಕಡೆ ತಿರುಗಿದ್ದರಿಂದ ಗ್ರಾಮ ಒನ್ ಕೇಂದ್ರಗಳ ಮುಂದೆ ಸಾಲುಗಳು ಬೆಳೆದವು. 2023ರಲ್ಲಿಯೇ ಜಾರಿಗೆ ಬಂದ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶಕ್ಕೆ 2025ರ ಜನವರಿಯಲ್ಲಿ ಬಂದದ್ದು ಸಹಜ ಜನಸಂದಣಿಯಲ್ಲ, ದಾಳಿ. ಆಗ ಪತ್ರಿಕೆಗಳಲ್ಲಿ ವರದಿಯಾದಂತೆ ನಕಲಿ ಖಾತೆಗಳಿಂದ, ಸ್ವಯಂಚಾಲಿತ ತಂತ್ರಾಂಶದ ಮೂಲಕ, ಎರಡು ಗಂಟೆಗಳಲ್ಲಿ 6.2 ಲಕ್ಷ ಕೋರಿಕೆಗಳು ಬಂದವು, ಋಣಭಾರ ಪ್ರಮಾಣಪತ್ರದ ಹುಡುಕಾಟ ಎಂದಿನದಕ್ಕಿಂತ ಎಂಟು ಪಟ್ಟು ಏರಿತು, ರಾಜ್ಯದೆಲ್ಲೆಡೆ ಆಸ್ತಿ ನೋಂದಣಿ ಕುಂಠಿತವಾಯಿತು.

ಈ ಅಂಕಿಯನ್ನು ಲೆಕ್ಕ ಹಾಕಿ ನೋಡಿದರೆ ಸ್ತಂಭನದ ಒಳಮರ್ಮ ತಿಳಿಯುತ್ತದೆ. ಎರಡು ಗಂಟೆಗೆ 6.2 ಲಕ್ಷವೆಂದರೆ ಸೆಕೆಂಡಿಗೆ ಸುಮಾರು 86. ಇಂದಿನ ಯಂತ್ರಗಳಿಗೆ ಇದು ಬೆಚ್ಚಿಬೀಳುವ ಸಂಖ್ಯೆಯೇನಲ್ಲ. ಆದರೆ ಜಾನ್ ಲಿಟಲ್ ಎಂಬ ವಿದ್ವಾಂಸರು 1961ರಲ್ಲಿ ಸಾಧಿಸಿ ತೋರಿಸಿದ ನಿಯಮದಂತೆ, ಒಂದು ವ್ಯವಸ್ಥೆಯೊಳಗೆ ಸರಾಸರಿಯಾಗಿ ಇರುವವರ ಸಂಖ್ಯೆಯು ಸೆಕೆಂಡಿಗೆ ಬರುವವರ ಸರಾಸರಿ ಸಂಖ್ಯೆಯನ್ನು ಪ್ರತಿಯೊಬ್ಬರೂ ಒಳಗೆ ಇರುವ ಸರಾಸರಿ ಸೆಕೆಂಡುಗಳಿಂದ ಗುಣಿಸಿದಷ್ಟು. ಪ್ರತಿ ಹುಡುಕಾಟ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿದರೆ ಒಮ್ಮೆಗೆ ಒಂಬತ್ತು ಸಂಪರ್ಕಗಳು ಸಾಕು. ಅದೇ ಹುಡುಕಾಟ ಮೂರು ಸೆಕೆಂಡು ಹಿಡಿದರೆ 258 ಬೇಕು. ಬೇರೆ ಸೂಚನೆಯಿಲ್ಲದ ಮೈಎಸ್‌ಕ್ಯೂಎಲ್ 151 ಸಂಪರ್ಕಗಳಿಗೂ ಪೋಸ್ಟ್‌ಗ್ರೆಸ್ 100 ಸಂಪರ್ಕಗಳಿಗೂ ಮಿತಿ ಹಾಕಿಕೊಂಡಿರುತ್ತವೆ. ಹಲವು ವರ್ಷಗಳ ವ್ಯಾಪ್ತಿಯಲ್ಲಿ ಒಂದು ಆಸ್ತಿಯ ಮೇಲಿನ ಎಲ್ಲ ವಹಿವಾಟುಗಳನ್ನು ಹೆಕ್ಕುವ ಋಣಭಾರದ ಹುಡುಕಾಟವು ಸ್ವಭಾವತಃ ಭಾರವಾದದ್ದು. ಭಾರದ ಹುಡುಕಾಟಗಳು ಒಂದಕ್ಕೊಂದು ಅಡ್ಡಬಂದಾಗ ಪ್ರತಿಯೊಂದೂ ನಿಧಾನವಾಗುತ್ತದೆ, ನಿಧಾನವಾದಷ್ಟೂ ಒಳಗಿರುವವರ ಸಂಖ್ಯೆ ಹೆಚ್ಚುತ್ತದೆ, ಹೆಚ್ಚಿದಷ್ಟೂ ಇನ್ನಷ್ಟು ನಿಧಾನ. ಉತ್ತರ ಬರಲಿಲ್ಲವೆಂದು ಕಿಟಕಿಯ ಆಚೆಗಿನವರು ಮತ್ತೆ ಮತ್ತೆ ಗುಂಡಿ ಒತ್ತಿದಾಗ ಹಳೆಯ ಕೋರಿಕೆ ರದ್ದಾಗದೆ ಹೊಸದೂ ಸೇರಿಕೊಳ್ಳುತ್ತದೆ. ಸಂಪರ್ಕಗಳ ಮಿತಿಯನ್ನು ಏರಿಸುವುದು ಇಂತಹ ಹೊತ್ತಿನಲ್ಲಿ ತೋಚುವ ಮೊದಲ ಪರಿಹಾರವಾದರೂ ಅದು ಹಾನಿಕರ, ಏಕೆಂದರೆ ಅದು ಒಳಗಿನ ನೂಕುನುಗ್ಗಲನ್ನು ಹೆಚ್ಚಿಸಿ ಮೆಮೊರಿಯನ್ನು ಬರಿದು ಮಾಡಿ ಸ್ತಂಭನವನ್ನು ಕುಸಿತವಾಗಿ ಮಾರ್ಪಡಿಸಬಲ್ಲದು. ಒಂದೊಂದು ಖಾತೆಗೂ ಕೋರಿಕೆಗಳ ಮಿತಿ ಹಾಕುವುದು, ಮನುಷ್ಯರೇ ಎಂದು ಖಚಿತಪಡಿಸಿಕೊಳ್ಳುವುದು, ಹುಡುಕಾಟದ ಭಾರವನ್ನು ಮುಖ್ಯ ಡೇಟಾಬೇಸಿನ ಒಂದು ನಕಲು ಪ್ರತಿಗೆ ವರ್ಗಾಯಿಸಿ ನೋಂದಣಿಯ ಬರವಣಿಗೆಯನ್ನು ಅದರಿಂದ ಬೇರ್ಪಡಿಸುವುದು ಇವೇ ನಿಜವಾದ ದಾರಿಗಳು.

ಕಾರಣ ಡೇಟಾಬೇಸಿನಲ್ಲಿಯೂ ಇಲ್ಲದೆ, ಭಾರದಲ್ಲಿಯೂ ಇಲ್ಲದೆ ಇರಬಹುದೆಂಬುದಕ್ಕೆ 2012ರ ಜುಲೈ 1 ಸಾಕ್ಷಿ. ಭೂಮಿಯ ತಿರುಗುವಿಕೆಗೆ ಗಡಿಯಾರವನ್ನು ಹೊಂದಿಸಲು ಭಾರತೀಯ ಕಾಲಮಾನದ ಬೆಳಿಗ್ಗೆ 5.30ಕ್ಕೆ ಒಂದು ಸೆಕೆಂಡು ಸೇರಿಸಿದಾಗ ಲಿನಕ್ಸ್‌ನ ತಿರುಳಿನಲ್ಲಿದ್ದ ದೋಷದಿಂದ ಜಗತ್ತಿನ ಅನೇಕ ಮೈಎಸ್‌ಕ್ಯೂಎಲ್ ಸರ್ವರ್‌ಗಳ ಸಂಸ್ಕಾರಕಗಳು ಕೆಲಸವಿಲ್ಲದಿದ್ದರೂ ಪೂರ್ಣ ವೇಗದಲ್ಲಿ ಸುತ್ತತೊಡಗಿದವು. ಯಂತ್ರದ ಗಡಿಯಾರವನ್ನು ಅದೇ ವೇಳೆಗೆ ಮತ್ತೊಮ್ಮೆ ಹೊಂದಿಸಿದರೆ ಸಾಕಿತ್ತು, ತೊಂದರೆ ಮಾಯವಾಗುತ್ತಿತ್ತು.

ಆತುರದ ಬೆಲೆಯನ್ನು ಹೇಳುವ ಘಟನೆ 2017ರ ಜನವರಿ 31ರದ್ದು. ತಂತ್ರಾಂಶ ರಚಿಸುವವರಿಗೆ ಸೇವೆ ನೀಡುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಡೇಟಾಬೇಸಿನ ಭಾರವನ್ನೂ ನಕಲು ಪ್ರತಿಯ ಸರ್ವರಿನ ಹಿಂದುಳಿಯುವಿಕೆಯನ್ನೂ ಸರಿಪಡಿಸುತ್ತಿದ್ದ ತಂತ್ರಜ್ಞರೊಬ್ಬರು ರಾತ್ರಿಯ ದಣಿವಿನಲ್ಲಿ ನಕಲು ಪ್ರತಿಯ ಸರ್ವರಿನದೆಂದು ಭಾವಿಸಿ ಮುಖ್ಯ ಸರ್ವರಿನ ದತ್ತಾಂಶ ಕೋಶವನ್ನೇ ಅಳಿಸಿದರು. ಆಗ ನೋಡಿದರೆ ಬ್ಯಾಕಪ್ ತೆಗೆಯುವ ಉಪಕರಣದ ಆವೃತ್ತಿ ಡೇಟಾಬೇಸಿನ ಆವೃತ್ತಿಗೆ ಹೊಂದದೆ, ಬ್ಯಾಕಪ್ಪೇ ಆಗಿರಲಿಲ್ಲ. ಆಕಸ್ಮಿಕವಾಗಿ ಆರು ಗಂಟೆ ಮುಂಚೆ ತೆಗೆದಿದ್ದ ಒಂದು ಪ್ರತಿಯಿಂದ ಉಳಿದದ್ದು ಮರಳಿತು, ಆ ಆರು ಗಂಟೆಗಳ ದಾಖಲೆಗಳು ಹೋದವು. ಆ ಸಂಸ್ಥೆ ಮಾಡಿದ ಮೆಚ್ಚತಕ್ಕ ಕೆಲಸವೆಂದರೆ ನಿಮಿಷ ನಿಮಿಷದ ವಿವರವನ್ನು, ತನ್ನ ತಪ್ಪುಗಳ ಸಮೇತ, ಯಾರ ಮೇಲೂ ದೂರು ಹೊರಿಸದೆ ಸಾರ್ವಜನಿಕವಾಗಿ ಪ್ರಕಟಿಸಿದ್ದು. ಖಾಸಗಿ ಸಂಸ್ಥೆಯೊಂದು ಕೊಡಬಲ್ಲ ಈ ವಿವರಣೆಯನ್ನು ಜನರ ಭೂಮಿಯ ಹಕ್ಕನ್ನು ಕಾಯುವ ಸರ್ಕಾರಿ ವ್ಯವಸ್ಥೆ ಪ್ರತಿ ದೊಡ್ಡ ವೈಫಲ್ಯದ ನಂತರ ಕನ್ನಡದಲ್ಲಿ ಪ್ರಕಟಿಸುವುದು ಅಸಾಧ್ಯವೇನಲ್ಲ: ಯಾವ ಗಂಟೆಗೆ ನಿಂತಿತು, ಕುಸಿತವೋ ಸ್ತಂಭನವೋ, ಮೂಲ ಕಾರಣವೇನು, ಮತ್ತೆ ಆಗದಂತೆ ಏನು ಬದಲಿಸಲಾಯಿತು.

ಅಂತಹ ವಿವರ ಇಲ್ಲದಿರುವುದರಿಂದ ಆಗುವ ನಷ್ಟವನ್ನು ಸಕಾಲ ವ್ಯವಸ್ಥೆಯಲ್ಲಿ ಕಾಣಬಹುದು. 2011ರ ಕರ್ನಾಟಕ ಸಕಾಲ ಸೇವೆಗಳ ಕಾಯ್ದೆಯು ಸೇವೆಗಳಿಗೆ ಕಾಲಮಿತಿ ಹಾಕಿ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ವೆಚ್ಚ ಕೇಳುವ ಹಕ್ಕನ್ನು ಅರ್ಜಿದಾರರಿಗೆ ಕೊಟ್ಟಿದೆ. ಆದರೆ ದಿನಗಳ ಎಣಿಕೆ ಹಿಡಿಯುವುದು ಅರ್ಜಿ ಸ್ವೀಕಾರವಾಗಿ 15 ಅಂಕಿಗಳ ಸಂಖ್ಯೆ ದೊರೆತ ಮೇಲೆ, ಮತ್ತು ಆ ಸಂಖ್ಯೆಯನ್ನು ಕೊಡಬೇಕಾದುದೂ ಅದೇ ಗಣಕ ವ್ಯವಸ್ಥೆ. ಅದು ನಿಂತ ದಿನ ಶನಿವಾರಸಂತೆಯ ಕಿಟಕಿಯಿಂದ ಬರಿಗೈಯಲ್ಲಿ ಹಿಂತಿರುಗಿದವರ ಹೆಸರು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಅಲ್ಲಿನ ಸಿಬ್ಬಂದಿ ಒಂದು ಪುಸ್ತಕದಲ್ಲಿ ವೇಳೆಯನ್ನೂ ಪರದೆಯ ಮೇಲೆ ಬಂದ ಸಂದೇಶವನ್ನೂ ಹಿಂತಿರುಗಿದವರ ಸಂಖ್ಯೆಯನ್ನೂ ಕೈಬರಹದಲ್ಲಿ ಬರೆದಿಟ್ಟರೆ, ಬೆಂಗಳೂರಿನಲ್ಲಿ ಲಾಗು ಓದುವವರಿಗೆ ಹುಡುಕಬೇಕಾದ ನಿಮಿಷವೂ, ಆ ನಿಮಿಷದಲ್ಲಿ ಎಷ್ಟು ಜನ ಕಾದಿದ್ದರೆಂಬುದೂ ಒಟ್ಟಿಗೆ ದೊರೆಯುತ್ತವೆ.